ಮುದಿ ನಾಯಿ ರಾತ್ರಿ ಅಳುವುದು ಬರೀ ವಯಸ್ಸಿನಿಂದಲ್ಲ

"ವಯಸ್ಸಾಯ್ತಲ್ಲ, ಇನ್ನೇನು ಮಾಡೋದು?" ಮುಂಬೈಯಲ್ಲಿ ಮುದಿ ನಾಯಿ ಇರುವ ಯಾವ ಮನೆಗೆ ಹೋದರೂ ಈ ಮಾತು ಕೇಳಿಬರುತ್ತದೆ. ರಾತ್ರಿ ಎರಡು ಗಂಟೆಗೆ ನಾಯಿ ಎದ್ದು ಹಾಲ್‌ನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲ್‌ಗೆ ಸುತ್ತುತ್ತದೆ. ಏದುಸಿರು ಬಿಡುತ್ತದೆ. ಏನೂ ಇಲ್ಲದ ಕಡೆ ನೋಡಿ ಬೊಗಳುತ್ತದೆ. ಹತ್ತಿರ ಹೋಗಿ ಕರೆದರೆ ಯಾರೋ ಅನ್ನುವ ಹಾಗೆ ನೋಡುತ್ತದೆ. ಬೆಳಿಗ್ಗೆ ಮನೆಯವರು ಕಣ್ಣುಜ್ಜಿಕೊಂಡು ಲೋಕಲ್ ಹಿಡಿಯಲು ಓಡುವಾಗ ಅದಕ್ಕೆ ಗಾಢ ನಿದ್ದೆ. ಹೀಗೆ ತಿಂಗಳುಗಟ್ಟಲೆ ನಡೆದರೂ ಡಾಕ್ಟರ ಹತ್ತಿರ ಹೋಗುವವರು ಕಡಿಮೆ, ಯಾಕೆಂದರೆ ವಯಸ್ಸಿಗೆ ಮದ್ದಿಲ್ಲ ಅಂತ ಎಲ್ಲರಿಗೂ ಗೊತ್ತು. ಆದರೆ ರಾತ್ರಿಯ ಈ ಸಂಕಟಕ್ಕೆ ಬಹಳಷ್ಟು ಸಲ ಹೆಸರಿಟ್ಟು ಹೇಳಬಹುದಾದ ಕಾರಣ ಇರುತ್ತದೆ. ಅದರಲ್ಲಿ ಕೆಲವು ವಾಸಿಯಾಗುತ್ತವೆ, ಇನ್ನು ಕೆಲವನ್ನು ಹತೋಟಿಯಲ್ಲಿ ಇಡಬಹುದು. ಹುಡುಕದೆ ಕೈಚೆಲ್ಲುವುದು ಮಾತ್ರ ಆ ಮೂಕ ಜೀವಕ್ಕೆ ಮಾಡುವ ಅನ್ಯಾಯ.

ನಮ್ಮವರಿಗೆ ಇದು ಹೊಸ ಸಮಸ್ಯೆ ಅನಿಸುವುದಕ್ಕೂ ಕಾರಣವಿದೆ. ಊರಲ್ಲಿ, ಕಾರ್ಕಳವೋ ಕುಂದಾಪುರವೋ ಗದಗವೋ ಎಲ್ಲಾದರೂ ಸರಿ, ನಾಯಿ ಮಲಗುತ್ತಿದ್ದದ್ದು ಅಂಗಳದಲ್ಲಿ ಅಥವಾ ಕೊಟ್ಟಿಗೆಯ ಪಕ್ಕ. ಹದಿಮೂರು ಹದಿನಾಲ್ಕು ವರ್ಷ ಬದುಕುವ ನಾಯಿಗಳೇ ಅಪರೂಪ. ಬದುಕಿದರೂ ಅದು ರಾತ್ರಿ ಎಷ್ಟು ಸುತ್ತಿತು, ಎಲ್ಲಿ ನಿಂತು ಅತ್ತಿತು ಅಂತ ಒಳಗೆ ಮಲಗಿದವರಿಗೆ ಗೊತ್ತಾಗುತ್ತಿರಲಿಲ್ಲ. ಊಳಿಟ್ಟರೆ ಅಪಶಕುನ ಅಂತ ಗದರಿಸಿ ಓಡಿಸುತ್ತಿದ್ದರು. ಈಗ ಡೊಂಬಿವಲಿಯ ವನ್ ಬಿಎಚ್‌ಕೆಯಲ್ಲಿ ಅದೇ ನಾಯಿ ನಮ್ಮ ಮಂಚದ ಪಕ್ಕದಲ್ಲೇ ಇದೆ. ಲಸಿಕೆ, ಒಳ್ಳೆ ಆಹಾರ, ಡಾಕ್ಟರು ಎಲ್ಲ ಸಿಕ್ಕಿ ಆಯಸ್ಸು ಜಾಸ್ತಿಯಾಗಿದೆ. 2020ರ ಲಾಕ್‌ಡೌನ್‌ನಲ್ಲಿ ಮನೆಮನೆಗೆ ಬಂದ ಮರಿಗಳೂ ಇನ್ನು ಕೆಲವು ವರ್ಷಗಳಲ್ಲಿ ಮುದಿಯಾಗುತ್ತವೆ. ಆಗ ಈ ಮಾತು ಇನ್ನೂ ಎಷ್ಟೋ ಮನೆಗಳದ್ದಾಗುತ್ತದೆ.

ಮೊದಲು ಮಿದುಳಿನ ವಿಷಯ. ಮನುಷ್ಯರಿಗೆ ಆಲ್‌ಝೈಮರ್ ಬರುವ ಹಾಗೆ ನಾಯಿಗಳಿಗೂ ಒಂದು ಮರೆವಿನ ಕಾಯಿಲೆ ಬರುತ್ತದೆ. ಡಾಕ್ಟರುಗಳು ಅದನ್ನು ಕಾಗ್ನಿಟಿವ್ ಡಿಸ್‌ಫಂಕ್ಷನ್ ಸಿಂಡ್ರೋಮ್ ಅನ್ನುತ್ತಾರೆ. ಆಲ್‌ಝೈಮರ್ ರೋಗಿಗಳ ಮಿದುಳಿನಲ್ಲಿ ಕಾಣುವ ಬೀಟಾ ಅಮಿಲಾಯ್ಡ್ ಎಂಬ ಪ್ರೋಟೀನು ಮುದಿ ನಾಯಿಗಳ ಮಿದುಳಿನಲ್ಲೂ ತಾನಾಗಿಯೇ ಸೇರಿಕೊಳ್ಳುತ್ತದೆ. ಅಮೆರಿಕದ ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 11-12 ವರ್ಷದ ನಾಯಿಗಳಲ್ಲಿ ಶೇ 28ರಷ್ಟಕ್ಕೆ, 15-16 ವರ್ಷದವುಗಳಲ್ಲಿ ಶೇ 68ರಷ್ಟಕ್ಕೆ ಇದರ ಒಂದಾದರೂ ಲಕ್ಷಣ ಇತ್ತು. ಇದಕ್ಕಿಂತ ನನ್ನನ್ನು ಜಾಸ್ತಿ ಕಾಡಿದ್ದು ಆಸ್ಟ್ರೇಲಿಯಾದಲ್ಲಿ 2010ರಲ್ಲಿ ಬಂದ ಇನ್ನೊಂದು ಲೆಕ್ಕ. ಎಂಟು ವರ್ಷ ದಾಟಿದ ನಾಯಿಗಳಲ್ಲಿ ಸುಮಾರು ಶೇ 14ರಷ್ಟಕ್ಕೆ ಈ ಕಾಯಿಲೆ ಇರಬಹುದು ಅಂತ ಅಂದಾಜು ಸಿಕ್ಕಿತು. ಡಾಕ್ಟರ ಬಾಯಲ್ಲಿ ಕಾಯಿಲೆಯ ಹೆಸರು ಬಂದಿದ್ದು ಶೇ 2ಕ್ಕಿಂತ ಕಡಿಮೆ ನಾಯಿಗಳಿಗೆ. ಉಳಿದವುಗಳ ಮನೆಗಳಲ್ಲೂ "ವಯಸ್ಸಾಯ್ತಲ್ಲ" ಅನ್ನುವ ಮಾತೇ ನಡೆದಿರಬೇಕು.

ಈ ಮರೆವು ಹೇಗಿರುತ್ತದೆ ಅನ್ನುವುದನ್ನು ಹತ್ತಿರದಿಂದ ನೋಡಿದರೆ ಮತ್ತೆ ಮರೆಯುವುದಿಲ್ಲ. ಡೊಂಬಿವಲಿಯಲ್ಲಿ ಪರಿಚಯದವರ ಮನೆಯ ಲ್ಯಾಬ್ರಡಾರ್ ಹೊರಗೆ ಹೋಗಬೇಕು ಅನಿಸಿದಾಗ ಬಾಗಿಲ ಹತ್ತಿರ ಬಂದು ನಿಲ್ಲುತ್ತದೆ. ನಿಲ್ಲುವುದು ಬಾಗಿಲು ತೆರೆಯುವ ಕಡೆ ಅಲ್ಲ, ಅದು ಗೋಡೆಗೆ ಕೂಡಿಕೊಂಡಿರುವ ಕಡೆ. ಬಾಗಿಲು ತೆರೆದರೂ ಅಲ್ಲೇ ಮೂಗು ಒತ್ತಿಕೊಂಡು, ಸಂದಿಯಲ್ಲಿ ದಾರಿ ಆಗುತ್ತದೆ ಅಂತ ಕಾಯುತ್ತದೆ. ಹತ್ತು ವರ್ಷ ದಿನವೂ ದಾಟಿದ ಬಾಗಿಲು ಅದು. ಸೋಫಾದ ಹಿಂದೆ ಹೋದರೆ ಹಿಮ್ಮುಖವಾಗಿ ಬರಬೇಕು ಅನ್ನುವುದು ಹೊಳೆಯದೆ ಅಲ್ಲೇ ಸಿಕ್ಕಿಹಾಕಿಕೊಂಡು ಅಳುತ್ತದೆ. ಆ ಮನೆಯ ಅಮ್ಮ "ಹಠ ಮಾಡ್ತಾನೆ ಇವ್ನು" ಅನ್ನುತ್ತಿದ್ದರು. ಅದು ಹಠವಲ್ಲ, ದಾರಿ ತಪ್ಪಿದ ಗಾಬರಿ. ಇಂಥ ಲಕ್ಷಣಗಳು ಬೇರೆಯೂ ಇವೆ. ಮನೆಯವರನ್ನು ಎದುರುಗೊಳ್ಳುವುದು ನಿಲ್ಲುತ್ತದೆ, ಅಥವಾ ಮೊದಲಿಲ್ಲದಷ್ಟು ಅಂಟಿಕೊಳ್ಳುತ್ತದೆ. ಒಳಗೇ ಉಚ್ಚೆ ಮಾಡುತ್ತದೆ. ಗೊತ್ತುಗುರಿಯಿಲ್ಲದೆ ಸುತ್ತುತ್ತದೆ. ಜೊತೆಗೆ ಹಗಲು ರಾತ್ರಿ ಅದಲುಬದಲಾಗುತ್ತದೆ.

ನಿದ್ದೆ ಕೆಡುವುದು ಈ ಕಾಯಿಲೆಯ ಫಲ ಮಾತ್ರವೋ, ಅಥವಾ ಕೆಟ್ಟ ನಿದ್ದೆ ಕಾಯಿಲೆಯನ್ನು ಇನ್ನೂ ಬೆಳೆಸುತ್ತದೋ? ಇದು ಸುಮ್ನೆ ಕೇಳುವ ಪ್ರಶ್ನೆಯಲ್ಲ. ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದವರು ಮುದಿ ನಾಯಿಗಳ ತಲೆಗೆ ತಂತಿ ಅಂಟಿಸಿ ನಿದ್ದೆಯಲ್ಲಿ ಮಿದುಳಿನ ಅಲೆಗಳನ್ನು ಅಳೆದರು. 2023ರಲ್ಲಿ ಬಂದ ಆ ಅಧ್ಯಯನದಲ್ಲಿ ಮರೆವು ಜಾಸ್ತಿ ಇದ್ದ ನಾಯಿಗಳು ಗಾಢ ನಿದ್ದೆಯಲ್ಲೂ ಕನಸಿನ ನಿದ್ದೆಯಲ್ಲೂ ಕಳೆದ ಸಮಯ ಕಡಿಮೆ ಇತ್ತು. ಇನ್ನೊಂದು ಕಡೆ, ನಿದ್ದೆಯ ಹೊತ್ತಿನಲ್ಲಿ ಮಿದುಳು ಬೀಟಾ ಅಮಿಲಾಯ್ಡನ್ನು ಬೇಗ ಹೊರಹಾಕುತ್ತದೆ ಅಂತ 2013ರಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗ ತೋರಿಸಿತ್ತು. ಇಲಿಯ ಮಾತನ್ನು ಹಾಗೇ ನಾಯಿಗೆ ಹಾಕಲು ಆಗುವುದಿಲ್ಲ. ಆದರೂ ಎರಡನ್ನೂ ಜೊತೆಗಿಟ್ಟು ನೋಡಿದರೆ ನಾಯಿಯ ನಿದ್ದೆ ಕಾಪಾಡುವುದು ಮನೆಯವರ ನೆಮ್ಮದಿಗೆ ಮಾತ್ರ ಅಲ್ಲ, ನಾಯಿಯ ಮಿದುಳಿಗೂ ಬೇಕು ಅನಿಸುತ್ತದೆ.

ಇಷ್ಟು ಓದಿ "ನಮ್ಮದಕ್ಕೂ ಮರೆವೇ" ಅಂತ ತೀರ್ಮಾನ ಮಾಡಬೇಡಿ. ಮರೆವನ್ನು ಕಂಡುಹಿಡಿಯುವ ರಕ್ತಪರೀಕ್ಷೆ ಕ್ಲಿನಿಕ್ಕಿನಲ್ಲಿ ಇಲ್ಲ. ಬೇರೆ ಕಾರಣಗಳನ್ನು ಒಂದೊಂದಾಗಿ ತಳ್ಳಿಹಾಕಿದ ಮೇಲೆ ಉಳಿಯುವ ಉತ್ತರ ಅದು. ಆ ಬೇರೆ ಕಾರಣಗಳಲ್ಲೇ ಎಷ್ಟೋ ನಾಯಿಗಳ ರಾತ್ರಿಯ ಅಳು ಅಡಗಿರುತ್ತದೆ.

ಎಲ್ಲಕ್ಕಿಂತ ಮೊದಲು ನೋವು. ಮುದಿ ನಾಯಿಗೆ ಗಂಟುನೋವು ತುಂಬಾ ಸಾಮಾನ್ಯ. ಹಗಲು ಓಡಾಟದಲ್ಲಿ ಹೇಗೋ ಸಾಗುತ್ತದೆ. ರಾತ್ರಿ ಮಲಗಿ ಒಂದೆರಡು ಗಂಟೆಯಾದರೆ ಕೀಲು ಬಿಗಿದುಕೊಳ್ಳುತ್ತದೆ. ಮಗ್ಗುಲು ಬದಲಿಸಲು ಹೋದರೆ ನೋವು, ಎದ್ದರೆ ನೋವು, ಮತ್ತೆ ಮಲಗಲು ಹೆದರಿಕೆ. ಹಾಗಾಗಿ ನಿಂತೇ ಏದುಸಿರು ಬಿಡುತ್ತದೆ. ನೋವಾದರೆ ನಾಯಿ ಕಿರುಚುತ್ತದೆ ಅಂತ ನಾವು ಅಂದುಕೊಂಡಿದ್ದೇವೆ. ಹಳೇ ನೋವಿಗೆ ನಾಯಿ ಕಿರುಚುವುದಿಲ್ಲ, ಅದಕ್ಕೆ ನಿದ್ದೆ ಬರುವುದಿಲ್ಲ. ಮಲಗುವ ಮೊದಲು ಐದಾರು ಸಲ ಸುತ್ತುವುದು, ಮುಂಗಾಲಲ್ಲಿ ಎದ್ದು ಹಿಂಗಾಲನ್ನು ಎಳೆದುಕೊಳ್ಳುವುದು, ಮೆಟ್ಟಿಲ ಮುಂದೆ ನಿಂತು ಯೋಚಿಸುವುದು, ಇವೆಲ್ಲ ನೋವಿನ ಗುರುತು. ಹಲ್ಲುನೋವೂ ಹೀಗೇ, ಒಳಗೊಳಗೇ. ಡಾಕ್ಟರು ನಾಯಿಗೆಂದೇ ಇರುವ ನೋವಿನ ಔಷಧಿ ಕೆಲವು ದಿನ ಕೊಟ್ಟು ನೋಡಿದಾಗ ರಾತ್ರಿಯ ಅಳು ನಿಂತುಹೋದರೆ ಕಾರಣ ಸಿಕ್ಕಿದ ಹಾಗೆ.

ಆಮೇಲೆ ನೀರು ಮತ್ತು ಉಚ್ಚೆ. ಕಿಡ್ನಿ ಸೋತಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ, ಕುಶಿಂಗ್ಸ್ ಎಂಬ ಹಾರ್ಮೋನು ಕಾಯಿಲೆ ಇದ್ದರೆ, ಅಥವಾ ಸ್ಟೆರಾಯ್ಡ್ ಮಾತ್ರೆ ನಡೆಯುತ್ತಿದ್ದರೆ ನಾಯಿ ಜಾಸ್ತಿ ನೀರು ಕುಡಿಯುತ್ತದೆ, ರಾತ್ರಿ ತಡೆದುಕೊಳ್ಳಲು ಆಗುವುದಿಲ್ಲ. ಇದನ್ನು ಮನೆಯಲ್ಲೇ ಅಳೆಯಬಹುದು. ಬೆಳಿಗ್ಗೆ ಒಂದು ಲೀಟರ್ ಬಾಟಲಿಯಲ್ಲಿ ನೀರು ತುಂಬಿಟ್ಟು ಅದರಿಂದಲೇ ಬಟ್ಟಲಿಗೆ ಹಾಕಿ, ಮರುದಿನ ಬೆಳಿಗ್ಗೆ ಲೆಕ್ಕ ನೋಡಿ. ದಿನಕ್ಕೆ ಒಂದು ಕಿಲೋ ತೂಕಕ್ಕೆ 100 ಮಿಲಿಗಿಂತ ಜಾಸ್ತಿ ಹೋಗುತ್ತಿದ್ದರೆ, ಅಂದರೆ ಹತ್ತು ಕಿಲೋ ನಾಯಿ ಒಂದು ಲೀಟರ್ ದಾಟಿಸಿದರೆ, ಅದು ಸರಿಯಲ್ಲ. ಹಾಗಂತ ರಾತ್ರಿ ನೀರಿನ ಬಟ್ಟಲು ಎತ್ತಿಡಬೇಡಿ, ಕಿಡ್ನಿ ಸೋತ ನಾಯಿಗೆ ಅದು ಅಪಾಯ. ಆಪರೇಷನ್ ಆಗದ ಹೆಣ್ಣುನಾಯಿ ಬೆದೆ ಮುಗಿದ ಒಂದೆರಡು ತಿಂಗಳಲ್ಲಿ ಹೀಗೆ ನೀರು ಕುಡಿಯಲು ಶುರು ಮಾಡಿ ಊಟ ಬಿಟ್ಟರೆ ಕಾಯಲೇಬೇಡಿ. ಗರ್ಭಕೋಶದಲ್ಲಿ ಕೀವು ತುಂಬಿರಬಹುದು, ಅದು ಜೀವಕ್ಕೆ ಬರುವ ಕಾಯಿಲೆ.

ಹೃದಯದ ಕಾಯಿಲೆಯೂ ರಾತ್ರಿಯಲ್ಲೇ ಎದ್ದು ಕಾಣುತ್ತದೆ. ಪೊಮೆರೇನಿಯನ್, ಡ್ಯಾಶ್‌ಹೌಂಡ್‌ನಂಥ ಸಣ್ಣ ಜಾತಿಗಳಲ್ಲಿ ವಯಸ್ಸಾದ ಮೇಲೆ ಹೃದಯದ ಕವಾಟ ಸೋರುವುದು ಸಾಮಾನ್ಯ. ಮಲಗಿದರೆ ಕೆಮ್ಮು ಬರುತ್ತದೆ, ಉಸಿರು ಕಟ್ಟುತ್ತದೆ, ಎದ್ದು ಕೂರುತ್ತದೆ. ನಾಯಿ ಗಾಢ ನಿದ್ದೆಯಲ್ಲಿದ್ದಾಗ ಮೊಬೈಲಿನಲ್ಲಿ ಒಂದು ನಿಮಿಷ ಹಾಕಿಕೊಂಡು ಪಕ್ಕೆ ಎಷ್ಟು ಸಲ ಏರಿ ಇಳಿಯಿತು ಅಂತ ಎಣಿಸಿ. ಏರಿ ಇಳಿದರೆ ಒಂದು. ಮತ್ತೆ ಮತ್ತೆ 30 ದಾಟುತ್ತಿದ್ದರೆ ಡಾಕ್ಟರಿಗೆ ಅವತ್ತೇ ಫೋನ್ ಮಾಡಿ. ಇನ್ನು ಕಣ್ಣು ಮಂಜಾಗಿರುವುದು, ಕಿವಿ ಕೇಳದಿರುವುದು. ದೀಪ ಆರಿಸಿದ ಕೂಡಲೇ ಆ ನಾಯಿಗೆ ಮನೆಯೇ ಮಾಯವಾಗುತ್ತದೆ, ನೀವು ಎಲ್ಲಿದ್ದೀರಿ ಅಂತ ತಿಳಿಯದೆ ಕೂಗುತ್ತದೆ. ಇದಕ್ಕೆ ಒಂದು ಸಣ್ಣ ನೈಟ್ ಲ್ಯಾಂಪ್ ಸಾಕಾಗುವುದೂ ಉಂಟು.

ಒಂದು ವ್ಯತ್ಯಾಸ ನೆನಪಿರಲಿ. ಮರೆವು ನಿಧಾನ, ತಿಂಗಳುಗಳಲ್ಲಿ ಬರುತ್ತದೆ. ನಿನ್ನೆ ಚೆನ್ನಾಗಿದ್ದ ನಾಯಿ ಇವತ್ತು ತಲೆ ಓರೆ ಮಾಡಿ ಒಂದೇ ಕಡೆ ಸುತ್ತುತ್ತಿದ್ದರೆ, ಬಿದ್ದು ಕೈಕಾಲು ಸೆಳೆದುಕೊಂಡರೆ, ಗೋಡೆಗೆ ತಲೆ ಒತ್ತಿ ನಿಂತರೆ ಅದು ಬೇರೆಯೇ ಕಥೆ, ಬೆಳಗಾಗುವವರೆಗೂ ಕಾಯುವ ವಿಷಯವಲ್ಲ. ತಲೆ ಓರೆಯಾಗಿ ಕಣ್ಣುಗುಡ್ಡೆ ಅಲ್ಲಾಡುವುದನ್ನು ನೋಡಿ ಲಕ್ವ ಹೊಡೀತು, ಮುಗೀತು ಅಂದುಕೊಳ್ಳುವವರು ತುಂಬಾ ಜನ. ಅದು ಬಹಳಷ್ಟು ಸಲ ಒಳಗಿವಿಯ ತೊಂದರೆ, ಕೆಲವು ದಿನ ಅಥವಾ ವಾರಗಳಲ್ಲಿ ಸುಧಾರಿಸುವಂಥದ್ದು. ಆದರೆ ಅದನ್ನು ಹೇಳಬೇಕಾದವರು ಡಾಕ್ಟರು.

ಡಾಕ್ಟರ ಹತ್ತಿರ ಹೋಗುವಾಗ ವಿಡಿಯೊ ತೆಗೆದುಕೊಂಡು ಹೋಗಿ. ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಕ್ಲಿನಿಕ್ಕಿನಲ್ಲಿ ನಾಯಿ ಗಾಬರಿಯಿಂದ ಚುರುಕಾಗಿ ನಿಲ್ಲುತ್ತದೆ, ರಾತ್ರಿ ಎರಡರ ಸಂಕಟ ಸಂಜೆ ಆರಕ್ಕೆ ಕಾಣಿಸುವುದಿಲ್ಲ. ಅಡುಗೆಮನೆಯ ಗೋಡೆಯಲ್ಲಿ ಕಾಲನಿರ್ಣಯ ಕ್ಯಾಲೆಂಡರ್ ಇದ್ದೇ ಇರುತ್ತಲ್ವಾ, ಹಾಲಿನ ಲೆಕ್ಕದ ಪಕ್ಕದಲ್ಲೇ ನಾಯಿ ಎಷ್ಟು ಗಂಟೆಗೆ ಎದ್ದಿತು, ಎಷ್ಟು ಹೊತ್ತು ಸುತ್ತಿತು, ಹೊರಗೆ ಕರೆದೊಯ್ದಾಗ ಉಚ್ಚೆ ಮಾಡಿತಾ ಇಲ್ವಾ ಅಂತ ಗೀಚಿಡಿ. ಎರಡು ವಾರದ ಆ ಗೀಚು ಹತ್ತು ನಿಮಿಷದ ವಿವರಣೆಗಿಂತ ಜಾಸ್ತಿ ಹೇಳುತ್ತದೆ. ಪರೇಲ್‌ನ ಬಾಯಿ ಸಾಕರ್‌ಬಾಯಿ ದಿನ್‌ಶಾ ಪೆಟಿಟ್ ಪ್ರಾಣಿಗಳ ಆಸ್ಪತ್ರೆ 1880ರ ದಶಕದಿಂದ ನಡೆಯುತ್ತಿದೆ. ಮಹಾಲಕ್ಷ್ಮಿಯಲ್ಲಿ ಟಾಟಾ ಟ್ರಸ್ಟ್ಸ್‌ನ ಸಣ್ಣ ಪ್ರಾಣಿಗಳ ದೊಡ್ಡ ಆಸ್ಪತ್ರೆ 2024ರಲ್ಲಿ ಶುರುವಾಯಿತು. ದೂರದ ಉಪನಗರದವರು ಮೊದಲು ಹತ್ತಿರದ ಕ್ಲಿನಿಕ್ಕಿನಲ್ಲಿ ರಕ್ತ, ಮೂತ್ರ, ಬಿಪಿ ನೋಡಿಸಿಕೊಂಡರೂ ಅರ್ಧ ದಾರಿ ಸಾಗಿದ ಹಾಗೆ.

ಇಷ್ಟರ ಮೇಲೂ ಮುಂಬೈಯ ಬದುಕೇ ಕೆಲವು ಕಷ್ಟ ತರುತ್ತದೆ. ಮನೆಯವರು ಬೆಳಿಗ್ಗೆ ಎಂಟಕ್ಕೆ ಹೊರಟರೆ ರಾತ್ರಿ ಎಂಟಕ್ಕೆ ಬರುತ್ತಾರೆ. ಅಷ್ಟು ಹೊತ್ತೂ ಕರ್ಟನ್ ಎಳೆದ ಮಬ್ಬು ಮನೆಯಲ್ಲಿ ನಾಯಿ ಮಲಗಿರುತ್ತದೆ. ಅವರು ಬಂದ ಮೇಲೆ ಟ್ಯೂಬ್‌ಲೈಟು, ಟಿವಿ, ಮಾತು, ಕುಕ್ಕರಿನ ಸೀಟಿ. ದೇಹದ ಗಡಿಯಾರ ನಡೆಯುವುದೇ ಬೆಳಕಿನಿಂದ. ಕತ್ತಲಾದಾಗ ನಿದ್ದೆ ತರುವ ಮೆಲಟೋನಿನ್ ಹಾರ್ಮೋನು ಹುಟ್ಟಬೇಕು. ಹಗಲು ಕತ್ತಲು, ರಾತ್ರಿ ಬೆಳಕು ಅಂತಾದರೆ ಮೊದಲೇ ದುರ್ಬಲವಾಗಿರುವ ಆ ಗಡಿಯಾರ ಪೂರಾ ತಲೆಕೆಳಗಾಗುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ವಾಕಿಂಗ್ ಐದು ನಿಮಿಷಕ್ಕೆ ಇಳಿಯುತ್ತದೆ. ಅಮೆರಿಕದ ಡಾಗ್ ಏಜಿಂಗ್ ಪ್ರಾಜೆಕ್ಟ್ 15,000ಕ್ಕೂ ಹೆಚ್ಚು ನಾಯಿಗಳ ಮಾಹಿತಿ ನೋಡಿ 2022ರಲ್ಲಿ ಪ್ರಕಟಿಸಿದ ಪ್ರಕಾರ, ಚಟುವಟಿಕೆಯೇ ಇಲ್ಲದ ನಾಯಿಗಳಲ್ಲಿ ಮರೆವಿನ ಸಂಭವ ತುಂಬಾ ಚುರುಕಾದ ಅದೇ ವಯಸ್ಸಿನ ನಾಯಿಗಳಿಗಿಂತ ಆರು ಪಟ್ಟಿಗೂ ಜಾಸ್ತಿ. ಓಡಾಡದಿದ್ದಕ್ಕೆ ಮರೆವು ಬಂತೋ, ಮರೆವು ಬಂದಿದ್ದಕ್ಕೆ ಓಡಾಟ ನಿಂತಿತೋ ಅಂತ ಆ ಲೆಕ್ಕದಿಂದಲೇ ಹೇಳಲಾಗುವುದಿಲ್ಲ, ಅಧ್ಯಯನ ಮಾಡಿದವರೂ ಅದನ್ನು ಹೇಳಿದ್ದಾರೆ. ನನಗಂತೂ ನಾಯಿಯನ್ನು ಬೆಳಿಗ್ಗೆ ಬೆಳಕಿಗೆ ಕರೆದೊಯ್ಯಲು ಅಷ್ಟು ಕಾರಣ ಸಾಕು.

ಹಾಗಾಗಿ ರಾತ್ರಿಯ ಕೆಲಸ ಹಗಲಲ್ಲೇ ಶುರುವಾಗಬೇಕು. ಕರ್ಟನ್ ತೆರೆದು ಹೋಗಿ. ಬೆಳಿಗ್ಗೆ ಸಂಜೆ ಎರಡು ಹೊತ್ತು, ಓಡಿಸಬೇಕಾಗಿಲ್ಲ, ಗಿಡಗಳ ಬುಡವನ್ನು ಮೂಸುತ್ತಾ ನಿಧಾನಕ್ಕೆ ನಡೆಯಲಿ. ಮೂಸುವುದು ನಾಯಿಯ ಮಿದುಳಿಗೆ ದೊಡ್ಡ ಕೆಲಸ. ಮಧ್ಯಾಹ್ನ ಕೆಲಸದ ಮೌಶಿ ಬರುವುದಿದ್ದರೆ ಒಂದು ಟವೆಲಿನ ಮಡಿಕೆಯಲ್ಲಿ ನಾಲ್ಕು ಬಿಸ್ಕತ್ತು ಅಡಗಿಸಿ ನಾಯಿ ಮುಂದೆ ಇಡಲು ಹೇಳಿ. ಅದನ್ನು ಹುಡುಕಿ ತೆಗೆಯುವಷ್ಟು ಹೊತ್ತು ಅದು ಎಚ್ಚರವಾಗಿ, ಖುಷಿಯಾಗಿ ಇರುತ್ತದೆ. ಊಟದ ಹೊತ್ತು, ಮಲಗುವ ಜಾಗ, ಮಂಚ ಕುರ್ಚಿಗಳ ಜಾಗ ಬದಲಾಗದಿರಲಿ. ನಮ್ಮ ಫ್ಲ್ಯಾಟುಗಳ ನುಣುಪು ಟೈಲ್ಸ್ ಮುದಿ ನಾಯಿಗೆ ಶತ್ರು. ಒಂದು ಸಲ ಕಾಲು ಜಾರಿದರೆ ಆಮೇಲೆ ಏಳಲೇ ಹೆದರುತ್ತದೆ. ಹಾಸಿಗೆಯಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಬಾಗಿಲಿಗೆ ಹಳೇ ಯೋಗ ಮ್ಯಾಟ್‌ಗಳನ್ನು ಹಾಸಿ. ಮಲಗುವ ಮುಂಚೆ ಒಮ್ಮೆ ಕೆಳಗೆ ಕರೆದೊಯ್ಯಿರಿ. ಎದ್ದು ಅತ್ತಾಗ ಗದರಿಸಬೇಡಿ, ದೀಪಗಳನ್ನೆಲ್ಲ ಹಾಕಿ ಬಿಸ್ಕತ್ತು ಕೊಟ್ಟು ಉಪಚಾರವನ್ನೂ ಮಾಡಬೇಡಿ. ಪಕ್ಕದಲ್ಲಿ ಕೂತು ಎದೆಯ ಮೇಲೆ ಕೈಯಿಟ್ಟು ಮೆಲ್ಲಗೆ ಮಾತಾಡಿ, ಅಷ್ಟೇ.

ಔಷಧಿಯ ವಿಷಯದಲ್ಲಿ ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ಮನೆಯ ಡಬ್ಬಿಯಲ್ಲಿರುವ ಮನುಷ್ಯರ ನೋವಿನ ಮಾತ್ರೆ ಕೊಡಬೇಡಿ. ಐಬುಪ್ರೊಫೆನ್ ನಾಯಿಗೆ ಹೊಟ್ಟೆಹುಣ್ಣು ಮಾಡಿ ಕಿಡ್ನಿ ಕೆಡಿಸುತ್ತದೆ, ಪ್ಯಾರಾಸಿಟಮಾಲ್ ಯಕೃತ್ತಿಗೆ ಕುತ್ತು ತರುತ್ತದೆ. ನಿದ್ದೆ ಬರಲಿ ಅಂತ ಚಮಚ ಬ್ರಾಂಡಿ ಕುಡಿಸುವುದು ವಿಷ ಕುಡಿಸಿದ ಹಾಗೆಯೇ. ಮೆಲಟೋನಿನ್ ಅನ್ನು ಡಾಕ್ಟರುಗಳು ಕೆಲವು ನಾಯಿಗಳಿಗೆ ಬರೆಯುತ್ತಾರೆ. ಆದರೆ ಅಂಗಡಿಯಲ್ಲಿ ಸಿಗುವ ಸಿಹಿ ಗಮ್ಮಿಗಳಲ್ಲಿ ಸಕ್ಕರೆಯ ಬದಲು ಹಾಕುವ ಝೈಲಿಟಾಲ್ ಇರಬಹುದು, ಅದು ನಾಯಿಯ ರಕ್ತದ ಸಕ್ಕರೆಯನ್ನು ದಿಢೀರನೆ ಇಳಿಸುತ್ತದೆ. ನೋವಿಗೆ ಬರೆಯುವ ಗ್ಯಾಬಪೆಂಟಿನ್‌ನ ಕೆಲವು ಸಿರಪ್‌ಗಳಲ್ಲೂ ಅದೇ ಇರುತ್ತದೆ, ಲೇಬಲ್ ಓದಿ. ಮರೆವಿಗೆಂದೇ ಅಮೆರಿಕದಲ್ಲಿ 1998ರಲ್ಲಿ ಒಪ್ಪಿಗೆ ಪಡೆದ ಔಷಧಿ ಸೆಲೆಜಿಲಿನ್, ಮನುಷ್ಯರ ಪಾರ್ಕಿನ್ಸನ್ ಕಾಯಿಲೆಗೂ ಇದೇ. ಇದನ್ನು ಬೆಳಿಗ್ಗೆ ಕೊಡುತ್ತಾರೆ, ಗುಣ ಕಾಣಲು ತಿಂಗಳಾದರೂ ಬೇಕು, ಎಲ್ಲ ನಾಯಿಗಳಿಗೂ ಹಿಡಿಸುವುದಿಲ್ಲ. ನಮ್ಮಲ್ಲಿ ಇದಕ್ಕೊಂದು ವಿಶೇಷ ಅಪಾಯವಿದೆ. ನಾಯಿಯ ಮೈಗೆ ಹತ್ತುವ ಉಣ್ಣೆ ಹುಳಕ್ಕೆ ನಾವು ಸಲೀಸಾಗಿ ಬಳಸುವ ಅಮಿಟ್ರಾಝ್ ದ್ರಾವಣ, ಟ್ರಾಮಡಾಲ್ ಎಂಬ ನೋವಿನ ಔಷಧಿ, ಖಿನ್ನತೆಯ ಕೆಲವು ಮಾತ್ರೆಗಳು, ಇವು ಯಾವುದರ ಜೊತೆಗೂ ಸೆಲೆಜಿಲಿನ್ ಸೇರಬಾರದು. ಉಣ್ಣೆಗೆ ಏನು ಹಾಕುತ್ತಿದ್ದೀರಿ ಅಂತ ಡಾಕ್ಟರು ಕೇಳದಿದ್ದರೂ ನೀವೇ ಹೇಳಿ. ಗಣಪತಿ, ದೀಪಾವಳಿಗೂ ಮೊದಲೇ ಹೋಗಿ ಮಾತಾಡಿಟ್ಟುಕೊಳ್ಳಿ. ಪಟಾಕಿಗೆ ಅಂತ ಹಿಂದೆ ಕೊಡುತ್ತಿದ್ದ ಅಸಿಪ್ರೊಮಜಿನ್ ಮೈಯನ್ನು ಮಂಕು ಮಾಡುತ್ತದೆ, ಹೆದರಿಕೆ ಹಾಗೇ ಉಳಿಯುತ್ತದೆ. ಈಗ ಅದಕ್ಕಿಂತ ಒಳ್ಳೆಯವು ಇವೆ.

ಇನ್ನು ಸೊಸೈಟಿ. "ತುಮ್ಚಾ ಕುತ್ರಾ ರಾತ್ರಭರ್ ರಡತೋ" (ನಿಮ್ಮ ನಾಯಿ ರಾತ್ರಿಯಿಡೀ ಅಳುತ್ತೆ) ಅಂತ ಪಕ್ಕದ ಮನೆಯವರು ಒಂದು ದಿನ ಹೇಳಿಯೇ ಹೇಳುತ್ತಾರೆ. ಆಮೇಲೆ ಸೆಕ್ರೆಟರಿಯ ನೋಟೀಸು. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ಫೆಬ್ರವರಿಯಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ ಬಹುಮತದಿಂದಲೂ ಸೊಸೈಟಿ ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ, ಬೊಗಳುವುದು ಅದಕ್ಕೆ ಕಾರಣವಾಗುವುದಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಸಾಕಿದ ಪ್ರಾಣಿಯನ್ನು ಬೀದಿಗೆ ಬಿಡುವುದು ಅಪರಾಧ, ಮೊದಲ ಸಲಕ್ಕೆ ದಂಡ ಮಾತ್ರ 10ರಿಂದ 50 ರೂಪಾಯಿ, ಅದು ನಾಚಿಕೆಗೇಡು. ಕಾನೂನು ನಿಮ್ಮ ಕಡೆ ಇದ್ದರೂ ಸುತ್ತೋಲೆ ಹಿಡಿದು ಜಗಳ ಶುರು ಮಾಡಬೇಡಿ ಅನ್ನುವುದು ನನ್ನ ಮಾತು. ಗೋಡೆಯಾಚೆ ಬೆಳಿಗ್ಗೆ ಐದಕ್ಕೆ ಎದ್ದು ಡಬ್ಬಿ ಕಟ್ಟುವವರಿದ್ದಾರೆ, ಪರೀಕ್ಷೆಯ ಮಕ್ಕಳಿದ್ದಾರೆ. ನಾಯಿಗೆ ಕಾಯಿಲೆ ಇದೆ, ಔಷಧಿ ನಡೀತಿದೆ, ಇಷ್ಟು ವಾರ ಬೇಕು ಅಂತ ಹೋಗಿ ಹೇಳಿ. ನಾಯಿಯ ಹಾಸಿಗೆಯನ್ನು ಅವರ ಗೋಡೆಯಿಂದ ದೂರ ಹಾಕಿ. ಕಾಯಿಲೆ ಅಂತ ಗೊತ್ತಾದ ಮೇಲೆ ಜನ ಮೆತ್ತಗಾಗುವುದನ್ನು ನಾನು ನೋಡಿದ್ದೇನೆ.

ಮನೆಯೊಳಗಿನವರ ನಿದ್ದೆಯ ಬಗ್ಗೆ ಯಾರೂ ಕೇಳುವುದಿಲ್ಲ. ಹೆಚ್ಚಿನ ಮನೆಗಳಲ್ಲಿ ಏಳುವವರು ಒಬ್ಬರೇ, ಸಾಮಾನ್ಯವಾಗಿ ಮನೆಯ ಹೆಂಗಸು. ಪಾಳಿ ಮಾಡಿಕೊಳ್ಳಿ, ಒಂದು ರಾತ್ರಿ ಒಬ್ಬರು, ಮರುರಾತ್ರಿ ಇನ್ನೊಬ್ಬರು. ಏನೆಲ್ಲ ಮಾಡಿದರೂ ನಾಯಿಯ ರಾತ್ರಿಗಳು ಸುಧಾರಿಸದೆ, ಹಗಲೂ ಅದಕ್ಕೆ ಊಟದಲ್ಲಿ, ಜನರಲ್ಲಿ, ಯಾವುದರಲ್ಲೂ ಸುಖ ಕಾಣದೆ ಹೋದರೆ ನೋವಿಲ್ಲದ ಸಾವಿನ ಮಾತನ್ನು ಡಾಕ್ಟರ ಜೊತೆ ಆಡುವುದು ಪಾಪವಲ್ಲ. ಆ ನಿರ್ಧಾರ ನಿದ್ದೆಗೆಟ್ಟ ಮೂರನೇ ಜಾವದಲ್ಲಿ ಆಗಬಾರದು. ಕ್ಯಾಲೆಂಡರಿನಲ್ಲಿ ಒಳ್ಳೆ ದಿನ, ಕೆಟ್ಟ ದಿನ ಗುರುತು ಹಾಕುತ್ತಾ ಬನ್ನಿ, ಕೆಟ್ಟವು ಜಾಸ್ತಿಯಾದಾಗ ಮನೆಯವರೆಲ್ಲ ಹಗಲಲ್ಲಿ ಕೂತು ಮಾತಾಡಿ. ಡಾಕ್ಟರು ಮನೆಗೇ ಬರುತ್ತಾರಾ, ಭಾನುವಾರ ಸಿಗುತ್ತಾರಾ, ಮೊದಲು ಮಂಪರಿನ ಇಂಜೆಕ್ಷನ್ ಕೊಡುತ್ತಾರಾ, ಆಮೇಲೆ ದಹನಕ್ಕೆ ಎಲ್ಲಿ ಒಯ್ಯಬೇಕು, ಇದನ್ನೆಲ್ಲ ಬೇಕಾಗುವ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ.